ಫೇಲ್ ಆದ ಬೋರ್‌ವೆಲ್ ಯಾರ ಲೆಕ್ಕದಲ್ಲಿದೆ? ವಿಷ ತ್ಯಾಜ್ಯ, ಕೊಡಗಿನ ಬಂಡೆ ಮತ್ತು ಯಾರೂ ಕೇಳದ ಊರುಗಳು

ಅಮೆರಿಕದಲ್ಲಿ ಕಾರ್ಖಾನೆಗಳ ವಿಷದ ನೀರನ್ನು ನೆಲದೊಳಗೆ ಬಹಳ ಆಳಕ್ಕೆ ಪಂಪ್ ಮಾಡಿ ಬಿಡುವ ಬಾವಿಗಳಿವೆ. ಅವಕ್ಕೆ ಲೈಸೆನ್ಸ್ ಇದೆ, ಪರೀಕ್ಷೆ ಇದೆ, ಮುಚ್ಚುವ ದಿನಕ್ಕೆ ಬೇಕಾದ ಹಣವನ್ನು ಮೊದಲೇ ತೋರಿಸಬೇಕೆಂಬ ನಿಯಮವೂ ಇದೆ. ಕೊಡಗಿನಲ್ಲಿ ಅಂಥ ಬಾವಿ ಇಲ್ಲ. ಹಾಗಾದರೆ ನಮಗ್ಯಾಕೆ ಈ ವಿಷಯ ಅಂತ ನೀವು ಕೇಳಬಹುದು.

ನಮ್ಮಲ್ಲಿ ಇರುವುದು ನೀರು ಸಿಗದೆ ಕೈಬಿಟ್ಟ ಬೋರ್‌ವೆಲ್‌ಗಳು. ತೋಟದ ಮೂಲೆಯಲ್ಲಿ, ಗದ್ದೆಯ ಅಂಚಿನಲ್ಲಿ, ಹೋಮ್‌ಸ್ಟೇ ಹಿಂಭಾಗದಲ್ಲಿ. ಗ್ಯಾರೇಜಿನ ಒಂದು ಕ್ಯಾನ್ ಹಳೆ ಆಯಿಲ್, ಅವಧಿ ಮುಗಿದ ಕೀಟನಾಶಕದ ನಾಲ್ಕು ಬಾಟಲಿ, ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಲ್ಪಿಂಗ್ ನೀರಿನ ಒಂದು ಟ್ಯಾಂಕರ್ ಅಲ್ಲಿ ಸುರಿಯೋಕೆ ಯಾರ ಪರ್ಮಿಷನ್ನೂ ಬೇಕಾಗಿಲ್ಲ, ಯಾಕೆಂದರೆ ನೋಡುವವರೇ ಇಲ್ಲ. ಸುರಿದ ದಿನದಿಂದ ಆ ಬೋರ್‌ವೆಲ್ ವಿಷ ತ್ಯಾಜ್ಯದ ಬಾವಿಯೇ. ಲೈಸೆನ್ಸ್ ಇಲ್ಲ, ಪರೀಕ್ಷೆ ಇಲ್ಲ, ಹೊಣೆ ಹೊರುವವರೂ ಇಲ್ಲ. ಅಮೆರಿಕದ ನಿಯಮಗಳನ್ನು ನಾವು ಓದಬೇಕಾಗಿರುವುದು ಅದೇ ಕಾರಣಕ್ಕೆ.

ಮೊದಲು ಆ ಬಾವಿ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಅಲ್ಲಿನ ಕುಡಿಯುವ ನೀರಿನ ಸುರಕ್ಷತಾ ಕಾಯ್ದೆ ಬಂದಿದ್ದು 1974ರಲ್ಲಿ. ನೆಲದೊಳಗೆ ಏನನ್ನೇ ಪಂಪ್ ಮಾಡುವ ಬಾವಿಗಳನ್ನು ಅದರಡಿ ಆರು ವರ್ಗ ಮಾಡಿದ್ದಾರೆ. ಅಪಾಯಕಾರಿ ತ್ಯಾಜ್ಯವನ್ನು ಆಳಕ್ಕೆ ಬಿಡುವುದು ಒಂದನೇ ವರ್ಗ. ಕುಡಿಯುವ ನೀರಿನ ಪದರಕ್ಕಿಂತ ಬಹಳ ಕೆಳಗೆ, ಉಪ್ಪು ನೀರು ತುಂಬಿದ ಮರಳುಗಲ್ಲಿನಂಥ ಪದರ ಇರಬೇಕು. ಅದರ ಮೇಲೆ ನೀರು ದಾಟದ ಗಟ್ಟಿ ಪದರ ಇರಬೇಕು. ಇವೆರಡೂ ಇಲ್ಲದ ಕಡೆ ಬಾವಿ ಕೊರೆಯುವ ಮಾತೇ ಇಲ್ಲ.

ಬಾವಿಯೊಳಗೆ ಪೈಪಿನೊಳಗೆ ಪೈಪು. ಹೊರಗಿನ ಕೇಸಿಂಗ್ ಸುತ್ತ ಸಿಮೆಂಟ್. ಒಳಗಿನ ಪೈಪಿನಲ್ಲಿ ತ್ಯಾಜ್ಯ. ಎರಡರ ನಡುವಿನ ಸಂದಿಯಲ್ಲಿ ಬೇರೆ ದ್ರವ ತುಂಬಿಸಿ, ತ್ಯಾಜ್ಯದ ಒತ್ತಡಕ್ಕಿಂತ ಜಾಸ್ತಿ ಒತ್ತಡದಲ್ಲಿ ಇಟ್ಟಿರುತ್ತಾರೆ. ಒಳಗಿನ ಪೈಪ್ ಎಲ್ಲಾದರೂ ತೂತಾದರೆ ಸಂದಿಯ ಒತ್ತಡ ಇಳಿಯುತ್ತದೆ, ಅಲಾರಂ ಹೊಡೆದುಕೊಳ್ಳುತ್ತದೆ, ಪಂಪ್ ನಿಲ್ಲುತ್ತದೆ. ಸೋರಿದರೂ ಸಂದಿಯ ದ್ರವ ಒಳಗೆ ಹೋಗುತ್ತದೆಯೇ ಹೊರತು ವಿಷ ಹೊರಗೆ ಬರುವುದಿಲ್ಲ. ಇದನ್ನು ಹಗಲು ರಾತ್ರಿ ಮೀಟರ್ ದಾಖಲಿಸುತ್ತಲೇ ಇರಬೇಕು. ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಬೇರೆ. ಅಲ್ಲಿನ ತ್ಯಾಜ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿ ಆದಮೇಲೆ ಇನ್ನೊಂದು ಷರತ್ತು ಬಂತು. ಬಿಟ್ಟ ವಿಷ 10,000 ವರ್ಷ ಆ ಪದರ ಬಿಟ್ಟು ಆಚೆ ಹೋಗುವುದಿಲ್ಲ, ಇಲ್ಲವೇ ಅಷ್ಟರೊಳಗೆ ವಿಷಗುಣ ಕಳೆದುಕೊಳ್ಳುತ್ತದೆ ಅಂತ ಕಂಪನಿಯೇ ತೋರಿಸಿಕೊಡಬೇಕು.

ಇಷ್ಟೆಲ್ಲ ನಿಯಮ ಸುಮ್ನೆ ಹುಟ್ಟಿದ್ದಲ್ಲ. ಡೆನ್ವರ್ ನಗರದ ಪಕ್ಕ ಅಮೆರಿಕ ಸೇನೆಯ ರಾಕಿ ಮೌಂಟನ್ ಆರ್ಸೆನಲ್ ಅನ್ನೋ ರಾಸಾಯನಿಕ ಅಸ್ತ್ರಗಳ ಕಾರ್ಖಾನೆ ಇತ್ತು. 1961ರಲ್ಲಿ ಅಲ್ಲಿ 3,671 ಮೀಟರ್ ಆಳದ ಬಾವಿ ಕೊರೆದರು. ಮರುವರ್ಷ ಮಾರ್ಚ್‌ನಲ್ಲಿ ತ್ಯಾಜ್ಯ ಬಿಡಲು ಶುರು ಮಾಡಿದರು. ಸ್ವಲ್ಪ ದಿನದಲ್ಲೇ ಸುತ್ತಮುತ್ತ ಭೂಮಿ ನಡುಗತೊಡಗಿತು. ಪಂಪ್ ಮಾಡಿದ ತಿಂಗಳುಗಳಿಗೂ ಕಂಪನಗಳಿಗೂ ತಾಳೆಯಾಗುತ್ತದೆ ಅಂತ 1965ರಲ್ಲಿ ಡೇವಿಡ್ ಇವಾನ್ಸ್ ಅನ್ನೋ ಭೂವಿಜ್ಞಾನಿ ಬಹಿರಂಗವಾಗಿ ಹೇಳಿದರು. 1966ರ ಫೆಬ್ರವರಿಯಲ್ಲಿ ಬಾವಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 62 ಕೋಟಿ ಲೀಟರ್ ಒಳಗೆ ಹೋಗಿತ್ತು. ಆದರೆ ದೊಡ್ಡ ಕಂಪನಗಳು ಬಂದಿದ್ದು ನಿಲ್ಲಿಸಿದ ಮೇಲೆ, 1967ರಲ್ಲಿ, 5ರ ಆಸುಪಾಸಿನ ತೀವ್ರತೆಯಲ್ಲಿ. ಒಳಗೆ ಬಿಟ್ಟ ಒತ್ತಡ ಬಂಡೆಯ ಬಿರುಕಿನಲ್ಲಿ ಹರಡುತ್ತಲೇ ಇತ್ತು. ನಲ್ಲಿ ತಿರುಗಿಸಿದರೆ ಎಲ್ಲ ಮುಗಿಯಿತು ಅನ್ನುವಂತಿಲ್ಲ.

ಅಲ್ಲಿನ ನಿಯಮದಲ್ಲೂ ದೊಡ್ಡ ಬಿರುಕಿದೆ. ತೈಲ, ಗ್ಯಾಸ್ ತೆಗೆಯುವಾಗ ಬರುವ ಕೊಳಕು ಉಪ್ಪು ನೀರನ್ನು ಕಾನೂನು 'ಅಪಾಯಕಾರಿ' ಅಂತ ಕರೆಯುವುದಿಲ್ಲ. ಅದು ಎರಡನೇ ವರ್ಗದ ಬಾವಿಗೆ, ಸಡಿಲವಾದ ನಿಯಮದಲ್ಲಿ ಹೋಗುತ್ತದೆ. ಒಕ್ಲಹೋಮಾ ರಾಜ್ಯದಲ್ಲಿ ಹಾಗೆ ನೆಲಕ್ಕೆ ಬಿಟ್ಟ ನೀರಿಗೂ ಅಲ್ಲಿ ಹೆಚ್ಚಿದ ಭೂಕಂಪಗಳಿಗೂ ಸಂಬಂಧ ಇದೆ ಅಂತ ವಿಜ್ಞಾನಿಗಳು ತೋರಿಸಿದ್ದಾರೆ. 2011ರಲ್ಲಿ ಪ್ರೇಗ್ ಅನ್ನೋ ಪಟ್ಟಣದ ಬಳಿ 5.7, 2016ರಲ್ಲಿ ಪಾನೀ ಬಳಿ 5.8 ತೀವ್ರತೆ ದಾಖಲಾಯಿತು. ಕಾನೂನಿನ ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ.

ಈಗ ಕೊಡಗಿಗೆ ಬರೋಣ. ನಮ್ಮ ಕಾಲ ಕೆಳಗಿರುವುದು ನೈಸ್, ಚಾರ್ನೋಕೈಟ್ ಜಾತಿಯ ಗಟ್ಟಿ ಕಲ್ಲು. ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುವ ಮರಳುಗಲ್ಲು ಇಲ್ಲಿಲ್ಲ, ಅದರ ಮೇಲೆ ಮುಚ್ಚಳದಂಥ ಪದರವೂ ಇಲ್ಲ. ನೀರು ಇರುವುದು ಮೇಲಿನ ಮಣ್ಣು ಮತ್ತು ಶಿಥಿಲವಾದ ಕಲ್ಲಿನ ಪದರದಲ್ಲಿ, ಆಮೇಲೆ ಬಂಡೆಯ ಬಿರುಕುಗಳಲ್ಲಿ. ಯಾವ ಬಿರುಕು ಎಲ್ಲಿಗೆ ಹೋಗುತ್ತದೆ ಅಂತ ಮೇಲಿಂದ ನೋಡಿ ಹೇಳೋಕೆ ಆಗುವುದಿಲ್ಲ. ಒಂದು ಬೋರ್‌ವೆಲ್ ಕೊರೆಯುವಾಗ ಪಕ್ಕದ ತೋಟದವರ ಬಾವಿಯ ನೀರು ಕಲಕಿದರೆ ಎರಡಕ್ಕೂ ಕೊಂಡಿ ಇದೆ ಅಂತ ಅವತ್ತು ಗೊತ್ತಾಗುತ್ತದೆ, ಅಷ್ಟೇ.

ಬೋರ್‌ವೆಲ್ ಬಾಯಿಯ ಹತ್ತಿರ ಹೋಗಿ ನೋಡಿ. ಬೋರ್ ಲಾರಿಯವರು ಕೇಸಿಂಗ್ ಪೈಪ್ ಇಳಿಸುವುದು ಮಣ್ಣು ಕುಸಿಯುವ ಆಳದವರೆಗೆ ಮಾತ್ರ. ಗಟ್ಟಿ ಬಂಡೆ ಸಿಕ್ಕ ಮೇಲೆ ಪೈಪ್ ಇಲ್ಲ. ಅಲ್ಲಿಂದ ಕೆಳಗೆ, ನೂರಾರು ಅಡಿ, ಬರಿಯ ಕಲ್ಲಿನ ತೂತು. ಗೋಡೆಯಲ್ಲಿ ಸಿಕ್ಕ ಬಿರುಕುಗಳೆಲ್ಲ ಬಾಯಿ ತೆರೆದೇ ಇರುತ್ತವೆ. ನೀರು ಬರಲಿ ಅಂತಲೇ ಹಾಗೆ ಬಿಟ್ಟಿರುವುದು. ಫೇಲ್ ಆದ ಬೋರ್‌ವೆಲ್ ಆದರೆ ಮೇಲೆ ಒಂದು ಅಡಿ ಪೈಪ್ ಎದ್ದು ನಿಂತಿರುತ್ತದೆ, ಅದರ ಬಾಯಿಗೆ ಗೋಣಿಚೀಲ, ಗೋಣಿಚೀಲದ ಮೇಲೆ ಕಲ್ಲು. ಎಷ್ಟೋ ಕಡೆ ಪೈಪನ್ನೂ ಎಳೆದು ಬೇರೆ ಬೋರಿಗೆ ಒಯ್ದಿರುತ್ತಾರೆ. ಆಗ ಉಳಿಯುವುದು ಮಣ್ಣಿನಲ್ಲಿ ಒಂದು ತೂತು.

ಅಮೆರಿಕದ ಬಾವಿಯಲ್ಲಿ ವಿಷಕ್ಕೂ ಕುಡಿಯುವ ನೀರಿಗೂ ನಡುವೆ ಎರಡು ಪೈಪು, ಸಿಮೆಂಟು, ಒತ್ತಡದ ದ್ರವ, ದಪ್ಪ ಬಂಡೆಯ ಪದರ ಇವೆ. ಇಲ್ಲಿ ನಡುವೆ ಏನೂ ಇಲ್ಲ. ಕುಡಿಯುವ ನೀರಿನ ಪದರಕ್ಕೇ ಅಥವಾ ಅದಕ್ಕಿಂತ ಮೇಲೆ ಅಪಾಯಕಾರಿ ತ್ಯಾಜ್ಯ ಬಿಡುವ ಬಾವಿ ಅಲ್ಲಿ ನಾಲ್ಕನೇ ವರ್ಗಕ್ಕೆ ಸೇರುತ್ತದೆ. ಕಲುಷಿತ ಅಂತರ್ಜಲವನ್ನೇ ಶುದ್ಧ ಮಾಡಿ ಮತ್ತೆ ಒಳಗೆ ಬಿಡುವಂಥ ಒಂದೆರಡು ಸಂದರ್ಭ ಬಿಟ್ಟರೆ ಅದನ್ನು ಪೂರ್ತಿ ನಿಷೇಧಿಸಿದ್ದಾರೆ. ತೋಟದ ಮೂಲೆಯ ಬೋರ್‌ವೆಲ್‌ಗೆ ವಿಷ ಸುರಿದರೆ ಆಗುವುದು ಆ ನಾಲ್ಕನೇ ವರ್ಗದ ಬಾವಿಯೇ.

ಮಳೆಗಾಲ ಬಂದರೆ ವಿಷಯ ಇನ್ನೂ ಕೆಡುತ್ತದೆ. ಫೆಬ್ರವರಿಯಲ್ಲಿ ಸುರಿದದ್ದು ಬಿರುಕಿನಲ್ಲಿ ಕೂತಿರುತ್ತದೆ. ಜುಲೈನಲ್ಲಿ ನೀರಿನ ಮಟ್ಟ ಏರುತ್ತದೆ, ಬಂಡೆಯ ಬಿರುಕು ತುಂಬುತ್ತದೆ, ಇಳಿಜಾರಿನಲ್ಲಿ ಸಿಕ್ಕಲ್ಲೆಲ್ಲ ಒರತೆ ಎದ್ದು ತೋಡಿಗೆ ಸೇರುತ್ತದೆ. ತೋಡು ಹೊಳೆಗೆ, ಹೊಳೆ ಕಾವೇರಿಗೆ. ಕೂಡಿಗೆಯಲ್ಲಿ ಹಾರಂಗಿ ಬಂದು ಸೇರುತ್ತದೆ, ಅಲ್ಲಿಂದ ಕೆಳಗೆ ಬೆಂಗಳೂರಿನವರೆಗೆ ಕುಡಿಯುವುದು ಇದೇ ನೀರು. ಆದರೆ ಮೊದಲು ಕುಡಿಯುವವರು ಬೆಂಗಳೂರಿನವರಲ್ಲ. ಆ ಬೋರ್‌ವೆಲ್‌ನ ಕೆಳಗಿನ ಇಳಿಜಾರಿನಲ್ಲಿ, ತೋಟದ ಕೂಲಿಯವರಿಗೆ ಕಟ್ಟಿದ ಲೈನ್ ಮನೆಯವರು.

ಕೊಡಗಿನಲ್ಲಿ ಅಂಥ ತ್ಯಾಜ್ಯ ಎಲ್ಲಿಂದ ಬರುತ್ತದೆ? ನಮ್ಮಲ್ಲಿ ರಾಸಾಯನಿಕ ಕಾರ್ಖಾನೆಗಳ ಸಾಲಿಲ್ಲ, ನಿಜ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಇರುವುದು ಬಹುತೇಕ ಕಾಫಿ ಸಂಸ್ಕರಣೆಗೆ ಸೇರಿದ ಘಟಕಗಳು. ಆದರೆ ಪ್ರತಿ ಪಟ್ಟಣದಲ್ಲೂ ಗ್ಯಾರೇಜುಗಳಿವೆ. ಬಳಸಿದ ಎಂಜಿನ್ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲೇ ಇದೆ, ಅದು ಅನುಮತಿ ಇರುವ ಮರುಬಳಕೆದಾರರಿಗೇ ಹೋಗಬೇಕು. ಬ್ಯಾಟರಿ, ಆಸ್ಪತ್ರೆಯ ತ್ಯಾಜ್ಯ ಇವಕ್ಕೆ ಬೇರೆ ಬೇರೆ ನಿಯಮ ಇವೆ. ಇದರ ಮೇಲೆ ಪ್ರತಿ ತೋಟದ ಗೋದಾಮಿನಲ್ಲಿ ಉಳಿಯುವ ಹಳೇ ಕೀಟನಾಶಕ ಔಷಧಿ. ಹೊಸ ಔಷಧಿ ಮಾರುವ ಅಂಗಡಿ ಹೋಬಳಿಗೊಂದಾದರೂ ಸಿಗುತ್ತದೆ. ಹಳೆಯದನ್ನು ವಾಪಸ್ ತಗೊಳ್ಳುವ ಜಾಗ ಎಲ್ಲಿದೆ ಅಂತ ಒಬ್ಬ ಸಣ್ಣ ಬೆಳೆಗಾರರನ್ನು ಕೇಳಿ ನೋಡಿ.

ಪಲ್ಪಿಂಗ್ ನೀರಿನ ಕತೆ ಒಕ್ಲಹೋಮಾದ ಉಪ್ಪು ನೀರಿನ ಹಾಗೆಯೇ. ಅದು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿಲ್ಲ. ಆದರೆ ಹಣ್ಣಿನ ಸಿಪ್ಪೆಯ ಸಕ್ಕರೆ, ಲೋಳೆ ಹುಳಿ ಹಿಡಿದು ನೀರು ಆಮ್ಲವಾಗುತ್ತದೆ, ಕಪ್ಪಾಗುತ್ತದೆ, ಹೊಳೆಗೆ ಬಿದ್ದರೆ ಮೀನಿಗೆ ಬೇಕಾದ ಆಮ್ಲಜನಕವನ್ನೆಲ್ಲ ತಿಂದು ಹಾಕುತ್ತದೆ. ಅದಕ್ಕೆ ಸುಣ್ಣ ಹಾಕಿ, ಟ್ಯಾಂಕಿನಲ್ಲಿ ನಿಲ್ಲಿಸಿ, ಶುದ್ಧ ಮಾಡಿ ಬಿಡಬೇಕು. ತಪ್ಪದೆ ಹಾಗೆ ಮಾಡುವ ಬೆಳೆಗಾರರೂ ಇದ್ದಾರೆ. ಖರ್ಚು ಉಳಿಸೋಕೆ ಹತ್ತಿರದ ತೂತು ಹುಡುಕುವವರ ಜೊತೆ ಅವರು ಅದೇ ಮಾರುಕಟ್ಟೆಯಲ್ಲಿ ಅದೇ ರೇಟಿಗೆ ಮಾರಬೇಕು. ನಿಯಮ ಜಾರಿಯಾಗದಿದ್ದರೆ ಮೊದಲು ನಷ್ಟ ಆಗುವುದು ಪ್ರಾಮಾಣಿಕರಿಗೆ.

ಬಾವಿಗೆ ವಿಷ ಹಾಕುವುದು ನಮ್ಮ ಸುತ್ತಮುತ್ತ ಕೇಳದ ಸಂಗತಿಯೂ ಅಲ್ಲ. ಕರಿಕೆ ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿನ ಸರ್ಕಾರಿ ಗೇರು ತೋಟಗಳಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. ಸಿಂಪಡಣೆ ನಿಂತ ಮೇಲೆ ಉಳಿದ ಔಷಧಿಯನ್ನು ಮಿಂಚಿನಪದವಿನ ಹಳೇ ಬಾವಿಯೊಂದಕ್ಕೆ ಹಾಕಿ ಮುಚ್ಚಿದ್ದಾರೆ ಅನ್ನೋ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು, ಅಧಿಕಾರಿಗಳು ಬಂದು ನೀರು, ಮಣ್ಣಿನ ಸ್ಯಾಂಪಲ್ ತೆಗೆದರು. ಸಿಂಪಡಣೆ ನಿಂತು ಎರಡು ದಶಕ ದಾಟಿದ ಮೇಲೆ! ಅಷ್ಟು ತಡವಾಗಿ ಯಾವ ಕಡತ ಸಿಗುತ್ತದೆ, ಯಾರ ಸಹಿ ಸಿಗುತ್ತದೆ? ಪಂಜಾಬಿನ ಫಿರೋಜ್‌ಪುರ ಜಿಲ್ಲೆಯ ಮನ್ಸೂರ್‌ವಾಲ್ ಕಲಾನ್‌ನಲ್ಲಿ ಡಿಸ್ಟಿಲರಿಯೊಂದು ಕೊಳಕು ನೀರನ್ನು ಬೋರ್‌ವೆಲ್ ಮೂಲಕ ನೆಲಕ್ಕೆ ಬಿಡುತ್ತಿದೆ ಅಂತ ಆರೋಪಿಸಿ 2022ರ ಜುಲೈನಿಂದ ಜನ ಗೇಟಿನೆದುರು ಕೂತರು. ಚಳಿಗಾಲ ಪೂರ್ತಿ ಕದಲಲಿಲ್ಲ. 2023ರ ಜನವರಿಯಲ್ಲಿ ಮುಖ್ಯಮಂತ್ರಿ ಅದನ್ನು ಮುಚ್ಚುವುದಾಗಿ ಪ್ರಕಟಿಸಿದರು.

ಕಾನೂನು ಇಲ್ಲ ಅನ್ನುವಂತಿಲ್ಲ. 1974ರ ಜಲ ಕಾಯ್ದೆಯ 24ನೇ ಕಲಂ ಹೊಳೆಗೆ, ಬಾವಿಗೆ, ಚರಂಡಿಗೆ, ನೆಲಕ್ಕೆ ವಿಷ ವಸ್ತು ಬಿಡಬಾರದು ಅಂತ ನೇರವಾಗಿ ಹೇಳುತ್ತದೆ. ಮೊದಲು ಅದಕ್ಕೆ ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಜೈಲು ಇತ್ತು. 2024ರಲ್ಲಿ ಸಂಸತ್ತು ಮಾಡಿದ ತಿದ್ದುಪಡಿ ಕಾಯ್ದೆಯ ಹಲವು ಜೈಲು ಶಿಕ್ಷೆಗಳನ್ನು ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡ ಇಟ್ಟಿತು. ಅದು ಮೊದಲು ಅನ್ವಯವಾದದ್ದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಬೇರೆ ರಾಜ್ಯಗಳು ವಿಧಾನಸಭೆಯಲ್ಲಿ ನಿರ್ಣಯ ಮಾಡಿ ಒಪ್ಪಿಕೊಳ್ಳಬೇಕು. ಕೇಸು ವರ್ಷಗಟ್ಟಲೆ ಎಳೆಯುವುದಕ್ಕಿಂತ ಬೇಗ ಬೀಳುವ ದಂಡ ಮೇಲು ಅನ್ನೋ ವಾದ ನನಗೆ ಅರ್ಥವಾಗುತ್ತದೆ. ಆದರೆ ಕುಡಿಯುವ ನೀರಿಗೆ ಬೇಕಂತಲೇ ವಿಷ ಬೆರೆಸಿದ ಕೆಲಸಕ್ಕೆ ಬರೀ ದಂಡ ಸಾಲದು. ದೊಡ್ಡ ಕೈಗಳಿಗೆ ಅದು ಇನ್ನೊಂದು ಖರ್ಚು, ಅಷ್ಟೇ.

ಬೋರ್‌ವೆಲ್ ಮುಚ್ಚುವ ವಿಚಾರದಲ್ಲೂ ನಿಯಮ ಇದೆ. ಮಕ್ಕಳು ಬೀಳುವುದನ್ನು ತಡೆಯೋಕೆ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು: ಕೈಬಿಟ್ಟ ಬೋರ್‌ವೆಲ್ಲನ್ನು ತಳದಿಂದ ನೆಲಮಟ್ಟದವರೆಗೆ ಜೇಡಿ ಮಣ್ಣು, ಮರಳು, ಕಲ್ಲು ತುಂಬಿಸಿ ಮುಚ್ಚಬೇಕು. ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಬೋರ್‌ವೆಲ್‌ಗೆ ಬಿದ್ದ ಪುಟ್ಟ ಮಗುವನ್ನು ಜೀವಂತ ಎತ್ತಿದ ಮೇಲೆ ಈ ಮಾತು ರಾಜ್ಯದಲ್ಲಿ ಮತ್ತೆ ಎದ್ದಿತು. ಇದೆಲ್ಲ ಒಳ್ಳೆಯದೇ. ಆದರೆ ಮಗು ಬೀಳದಂತೆ ಬಾಯಿಗೆ ಚಪ್ಪಡಿ ಹಾಕುವುದು ಬೇರೆ, ವಿಷ ಇಳಿಯದಂತೆ ತಳದಿಂದ ತುಂಬಿಸುವುದು ಬೇರೆ. ಚಪ್ಪಡಿ ಸರಿಸೋಕೆ ಎರಡು ಕೈ ಸಾಕು.

ಇಲ್ಲಿ ಅಮೆರಿಕದ ಒಂದು ನಿಯಮ ನಮಗೆ ನೇರ ಉಪಯೋಗಕ್ಕೆ ಬರುತ್ತದೆ. ಅಪಾಯಕಾರಿ ತ್ಯಾಜ್ಯದ ಬಾವಿಗೆ ಅನುಮತಿ ಕೇಳುವವರು ಸುತ್ತ ಕನಿಷ್ಠ ಎರಡು ಮೈಲಿಯೊಳಗಿನ ಹಳೆಯ, ಕೈಬಿಟ್ಟ ಬಾವಿಗಳನ್ನು ಹುಡುಕಿ ಪಟ್ಟಿ ಮಾಡಬೇಕು. ಸರಿಯಾಗಿ ಮುಚ್ಚದೇ ಇದ್ದದ್ದನ್ನು ಮುಚ್ಚಬೇಕು. ಯಾಕೆ? ವಿಷ ಮೇಲೆ ಬರುವ ಸುಲಭದ ದಾರಿ ಹಳೇ ಬಾವಿಯೇ ಅಂತ ಅವರಿಗೆ ಗೊತ್ತು. ನಮ್ಮ ಪ್ರತಿ ಗ್ರಾಮ ಪಂಚಾಯಿತಿಗೂ ಅಂಥ ಒಂದು ಪಟ್ಟಿ ಬೇಕು. ಸರ್ವೆ ನಂಬರ್, ಆಳ, ಕೇಸಿಂಗ್ ಎಲ್ಲಿಯವರೆಗೆ, ಈಗ ಹೇಗಿದೆ, ಹತ್ತಿರದ ಕುಡಿಯುವ ಬಾವಿ ಎಷ್ಟು ದೂರ. ಬೋರ್ ಲಾರಿಯವರ ಬಿಲ್ಲಿನಲ್ಲೇ ಅರ್ಧ ಮಾಹಿತಿ ಇರುತ್ತದೆ. ಫೇಲ್ ಆದ ಬೋರ್ ಮುಚ್ಚುವ ಖರ್ಚನ್ನು ಕೊರೆಯುವ ದಿನವೇ ಠೇವಣಿ ಇಡಿಸಿಕೊಂಡರೆ, ಮುಚ್ಚಿದ ಫೋಟೋ ಕೊಟ್ಟಾಗ ವಾಪಸ್ ಕೊಟ್ಟರೆ, ಪೊಲೀಸರನ್ನು ಕಳಿಸುವ ಅಗತ್ಯವೇ ಜಾಸ್ತಿ ಬರುವುದಿಲ್ಲ.

ಇಷ್ಟು ಹೇಳಿ, ನಮ್ಮ ವಿಷ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಕೇಳದಿದ್ದರೆ ಮೋಸವಾಗುತ್ತದೆ. ಕೊಡಗಿನ ಅಪಾಯಕಾರಿ ತ್ಯಾಜ್ಯವನ್ನು ಕಾನೂನು ಪ್ರಕಾರ ಕಳಿಸಿದರೂ ಅದು ಇನ್ನೊಬ್ಬರ ಊರಿಗೇ ಹೋಗುತ್ತದೆ. ಬೆಂಗಳೂರು ಗ್ರಾಮಾಂತರದ ದಾಬಸ್‌ಪೇಟೆ ಬಳಿ ಇಂಥ ತ್ಯಾಜ್ಯ ಹೂಳುವ ಘಟಕ ಇದೆ. ಅದರ ಸುತ್ತಲಿನ ಹಳ್ಳಿಯವರೂ ನಮ್ಮ ಹಾಗೇ ಬಾವಿ ನೀರಿನ ಬಗ್ಗೆ ಯೋಚನೆ ಮಾಡುವವರು.

ಇನ್ನೊಬ್ಬರ ತ್ಯಾಜ್ಯಕ್ಕೆ ಆಶ್ರಯ ಕೊಡುವ ಊರನ್ನು ನಮ್ಮ ದೇಶ ಹೇಗೆ ನಡೆಸಿಕೊಳ್ಳುತ್ತದೆ ಅಂತ ಮಧ್ಯಪ್ರದೇಶದ ಪೀತಂಪುರ ತೋರಿಸಿತು. ಭೋಪಾಲದ ಯೂನಿಯನ್ ಕಾರ್ಬೈಡ್ ಆವರಣದಲ್ಲಿ ನಾಲ್ಕು ದಶಕ ಬಿದ್ದಿದ್ದ 337 ಟನ್ ತ್ಯಾಜ್ಯವನ್ನು ಹೈಕೋರ್ಟ್ ಆದೇಶದಂತೆ 2025ರ ಜನವರಿ 1ರ ರಾತ್ರಿ 12 ಕಂಟೇನರ್‌ಗಳಲ್ಲಿ ಅಲ್ಲಿಗೆ ಸಾಗಿಸಿದರು. ಭೋಪಾಲದ ಜನಕ್ಕೆ ಅದು ಎಂದೋ ಸಿಗಬೇಕಿದ್ದ ನ್ಯಾಯ. ಆದರೆ ಪೀತಂಪುರದ ಜನ ಬೀದಿಗೆ ಬಂದರು. ಬಂದ್ ಆಯಿತು. ಇಬ್ಬರು ಮೈಗೆ ಬೆಂಕಿ ಹಚ್ಚಿಕೊಳ್ಳಲು ಯತ್ನಿಸಿದರು. ಅದಾದ ಮೇಲೆಯೇ ಸರ್ಕಾರ ಜನರ ಬಳಿ ಹೋಗಿ ವಿವರಿಸಲು ಶುರು ಮಾಡಿದ್ದು. ಪ್ರಾಯೋಗಿಕವಾಗಿ ಸುಟ್ಟು ನೋಡಿ, ಜೂನ್ ಕೊನೆಗೆ ಎಲ್ಲ ಸುಟ್ಟು ಮುಗಿಸಿದರು. ತಂತ್ರಜ್ಞಾನ ಸರಿಯಿತ್ತೋ ಇಲ್ಲವೋ ಅನ್ನುವುದಕ್ಕಿಂತ ಮೊದಲು, ಮಾತಿನ ಸರದಿ ತಲೆಕೆಳಗಾಗಿತ್ತು. ಲಾರಿ ಬಂದ ಮೇಲೆ ಮಾತು.

ನಮ್ಮ ರಾಜ್ಯದಲ್ಲಿ ಮಂಡೂರು, ಮಾವಳ್ಳಿಪುರ ಇವೆ. ಅಲ್ಲಿಗೆ ಹೋದದ್ದು ಬೆಂಗಳೂರಿನ ಮನೆಗಳ ಕಸ, ಕಾರ್ಖಾನೆಯ ವಿಷ ಅಲ್ಲ. ಆದರೂ ಊರು ಬಸವಳಿಯಿತು. ಮಂಡೂರಿಗೆ ಲಾರಿ ನಿಂತಿದ್ದು 2014ರ ಡಿಸೆಂಬರ್‌ನಲ್ಲಿ, ಜನ ಪದೇ ಪದೇ ರಸ್ತೆಗೆ ಅಡ್ಡ ಕೂತ ಮೇಲೆ. ಮಡಿಕೇರಿಯವರಿಗೆ ಸ್ಟೋನ್ ಹಿಲ್ ನೆನಪಾಗಬಹುದು. ಪಟ್ಟಣದ ಕಸ ಬೆಟ್ಟದ ಮೇಲೆ, ಮಳೆ ಬಂದಾಗ ಅದರ ರಸ ಕೆಳಗಿನ ಮನೆಗಳ ಕಡೆ.

ಗಣಿ ಇರುವ ಜಿಲ್ಲೆಗಳಿಗೆ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಗಣಿಯವರು ರಾಯಧನದ ಜೊತೆಗೆ ಅದರ 10ರಿಂದ 30 ಪರ್ಸೆಂಟ್ ಹಣವನ್ನು ಬಾಧಿತ ಜನರಿಗಾಗಿ ಕಟ್ಟಬೇಕು. ಆ ಹಣ ಎಷ್ಟು ಚೆನ್ನಾಗಿ ಖರ್ಚಾಗುತ್ತಿದೆ ಅನ್ನೋ ಜಗಳ ಬೇರೆ. ತತ್ವವಂತೂ ಸರಿ. ಕಲ್ಲು ಕೊಟ್ಟ ಊರಿಗೆ ಪಾಲು ಇದ್ದರೆ, ವಿಷ ಇಟ್ಟುಕೊಂಡ ಊರಿಗೆ ಯಾಕಿಲ್ಲ? ತ್ಯಾಜ್ಯ ಕಳಿಸುವ ಪ್ರತಿ ಟನ್‌ಗೆ ಇಷ್ಟು ಅಂತ ಹಣ ಆ ಊರಿನ ಹೆಸರಲ್ಲಿ ಜಮೆಯಾಗಬೇಕು. ಅದು ರಸ್ತೆಗೆ, ಸಮುದಾಯ ಭವನಕ್ಕೆ ಹೋಗಬಾರದು. ನೀರಿನ ಪರೀಕ್ಷೆಗೆ, ಆರೋಗ್ಯ ತಪಾಸಣೆಗೆ, ಬಾವಿ ಕೆಟ್ಟರೆ ಮರುದಿನದಿಂದಲೇ ಪೈಪ್ ನೀರಿಗೆ ಮೀಸಲಿರಬೇಕು. ಹಣ ಕೊಟ್ಟರೆ ಬಾಯಿ ಮುಚ್ಚಿಸಿದ ಹಾಗೆ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಬೇಡ ಅನ್ನುವ ಹಕ್ಕನ್ನು ಕಿತ್ತುಕೊಂಡು ಹಣ ಕೊಟ್ಟರೆ ಹೌದು, ಹಾಗೆಯೇ. ಅದಕ್ಕೇ ಹಕ್ಕು ಮೊದಲು ಬರಬೇಕು, ಹಣ ಆಮೇಲೆ.

2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಸಾಮೂಹಿಕ ಅಪಾಯಕಾರಿ ತ್ಯಾಜ್ಯ ಘಟಕಗಳಿಗೆ ಪರಿಸರ ಅನುಮತಿ ಬೇಕು, ಜನರ ಅಹವಾಲು ಕೇಳುವ ಸಭೆಯ ವ್ಯವಸ್ಥೆಯೂ ಅದರಲ್ಲಿದೆ. ಸಭೆಗೆ 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸ್ ಕೊಡಬೇಕು. ಆದರೆ ಸಭೆಯಲ್ಲಿ ಜನ ಏನೇ ಹೇಳಲಿ, ಅದು ಅಭಿಪ್ರಾಯ ಮಾತ್ರ, ತಡೆಯುವ ಬಲ ಇಲ್ಲ. ಅದರ ಮೇಲೆ ಕೊಡಗಿನಲ್ಲಿ ಸಭೆಗೆ ಯಾರು ಬರುತ್ತಾರೆ? ತೋಟದ ಮಾಲೀಕರು ಬರುತ್ತಾರೆ, ಪಂಚಾಯಿತಿ ಸದಸ್ಯರು ಬರುತ್ತಾರೆ. ಲೈನ್ ಮನೆಯಲ್ಲಿರುವ ಕೂಲಿ ಕಾರ್ಮಿಕರು ಅವತ್ತೂ ಕೆಲಸದಲ್ಲಿರುತ್ತಾರೆ. ಅಸ್ಸಾಂನಿಂದ ಕಾಫಿ ಕುಯ್ಲಿಗೆ ಬಂದವರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲೇ ಇರುವುದಿಲ್ಲ. ಪೈಸಾರಿ ಅಂದರೆ ಸರ್ಕಾರಿ ಜಾಗದಲ್ಲಿರುವ ಆದಿವಾಸಿ ಹಾಡಿಯವರಿಗೆ ನೋಟಿಸ್ ಬಂದ ಪತ್ರಿಕೆ ತಲುಪುವುದಿಲ್ಲ. ಮಾಲೀಕರ ಮನೆಗೆ ಫಿಲ್ಟರ್ ಇದೆ. ಇವರಿಗೆ ಒರತೆ, ತೆರೆದ ಬಾವಿ, ತೋಡು. ಅಂದರೆ ವಿಷ ಮೊದಲು ತಲುಪುವ ಜನರ ಹೆಸರೇ ಹಾಜರಿ ಪುಸ್ತಕದಲ್ಲಿ ಇಲ್ಲ.

ಕೊಡಗಿನ ಬೆಟ್ಟ 2018ರ ಆಗಸ್ಟ್‌ನಲ್ಲಿ ಕುಸಿದದ್ದನ್ನು ನಾವು ನೋಡಿದ್ದೇವೆ. 2020ರಲ್ಲಿ ತಲಕಾವೇರಿಯಲ್ಲಿ ಮತ್ತೆ ನೋಡಿದೆವು. 2022ರ ಜೂನ್‌ನಲ್ಲಿ ಸಂಪಾಜೆ, ಕರಿಕೆ ಕಡೆ ನೆಲ ಸಣ್ಣದಾಗಿ ನಡುಗಿದಾಗ ಜನ ಮನೆಯಿಂದ ಹೊರಗೆ ಓಡಿದರು. ಆ ಕಂಪನಗಳಿಗೂ ತ್ಯಾಜ್ಯಕ್ಕೂ ಸಂಬಂಧ ಕಟ್ಟುವುದು ತಪ್ಪು, ನಾನು ಕಟ್ಟುತ್ತಿಲ್ಲ. ಹೇಳುತ್ತಿರುವುದು ಇಷ್ಟೇ: ಅಲುಗಾಡುವ, ಜಾರುವ, ಬಿರುಕು ಬಿಟ್ಟ ನೆಲದಲ್ಲಿ ಏನನ್ನಾದರೂ 'ಒಳಗೆ ಹಾಕಿ ಮರೆತುಬಿಡಬಹುದು' ಅನ್ನೋ ನಂಬಿಕೆಗೆ ಆಧಾರ ಇಲ್ಲ. ಕೊಡಗಿಗೆ ಸುರಕ್ಷಿತವಾದ ತ್ಯಾಜ್ಯ ಬಾವಿ ಅಂತ ಒಂದಿಲ್ಲ. ಆಳದ್ದೂ ಇಲ್ಲ, ಮೇಲಿನದ್ದೂ ಇಲ್ಲ.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ತ್ಯಾಜ್ಯ ಹುಟ್ಟುವ ಕಡೆ. ಹಳೇ ಕೀಟನಾಶಕವನ್ನು ಮಾರಿದ ಅಂಗಡಿಯೇ ವಾಪಸ್ ತಗೊಳ್ಳುವ ವ್ಯವಸ್ಥೆ ತಾಲೂಕಿಗೊಂದಾದರೂ ಬೇಕು. ಬಳಸಿದ ಆಯಿಲ್ ಬಗ್ಗೆ ಉತ್ಪಾದಕರ ಹೊಣೆ ಅನ್ನೋ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದು ವಿರಾಜಪೇಟೆಯ, ಸೋಮವಾರಪೇಟೆಯ ಸಣ್ಣ ಗ್ಯಾರೇಜಿನವರೆಗೆ ತಲುಪಬೇಕು. ಆ ಗ್ಯಾರೇಜಿನವರು ಖಳನಾಯಕರಲ್ಲ. ಅವರ ಕ್ಯಾನ್ ತಗೊಳ್ಳೋಕೆ ಗಾಡಿ ಬಂದರೆ ಅವರೇ ಕೊಡುತ್ತಾರೆ.

ನೀರಿನ ಪರೀಕ್ಷೆ ವರ್ಷಕ್ಕೆ ಎರಡು ಸಲ ಆಗಬೇಕು. ಪಲ್ಪಿಂಗ್ ಮುಗಿಯುವ ಮಾರ್ಚ್‌ನಲ್ಲಿ ಒಮ್ಮೆ, ನೀರಿನ ಮಟ್ಟ ಏರುವ ಜುಲೈನಲ್ಲಿ ಒಮ್ಮೆ. ಸ್ಯಾಂಪಲ್ ತೆಗೆಯುವುದು ಲೈನ್ ಮನೆಯ ಬಾವಿಯಿಂದ, ಹಾಡಿಯ ಒರತೆಯಿಂದ ಶುರುವಾಗಬೇಕು. ಫಲಿತಾಂಶ ಕನ್ನಡದಲ್ಲಿ ಪಂಚಾಯಿತಿ ಬೋರ್ಡಿನ ಮೇಲೆ ಇರಬೇಕು, ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ಆ ಸಭೆ ಕೂಲಿ ಬಿಟ್ಟ ಮೇಲೆ ಸಂಜೆ ಹೊತ್ತು ಸೇರಬೇಕು. ಬೋರ್‌ವೆಲ್ ಪಟ್ಟಿಯನ್ನೂ ಅದೇ ಸಭೆಯ ಮುಂದಿಡಲಿ. ಯಾವ ತೋಟದ ಯಾವ ಮೂಲೆಯಲ್ಲಿ ಬಾಯಿ ತೆರೆದ ಬೋರ್ ಇದೆ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ದಿನಾ ಅಲ್ಲಿ ಕಳೆ ತೆಗೆಯುವವರಿಗೆ.